ಮೊದಲನೆಯ ಫೋಟೋ

ಮಾರ್ಚ್ 4, ಮಂಗಳವಾರ

ಕಾಂದಿವಲಿಯಲ್ಲಿ ಫಾಸ್ಟ್ ಲೋಕಲ್ ರೈಲು ತಪ್ಪಿತು. ಸ್ಲೋ ಹಿಡಿದು ಅಂಧೇರಿ. ಗಂಟಲಿಗೆಂದು ದಾರಿಯುದ್ದಕ್ಕೂ ಬಾಯಲ್ಲಿ ಜ್ಯೇಷ್ಠಮಧು.

ಇವತ್ತು ಸ್ಕೂಟರಿನ ಜಾಹೀರಾತು. ಹಿಂದಿಯಲ್ಲಿ ಇರುವುದನ್ನು ಕನ್ನಡದಲ್ಲಿ ಹೇಳುವುದು — ಇಷ್ಟು ವರ್ಷ ಮಾಡಿದ್ದು ಅದನ್ನೇ. ಸಾಬೂನು, ಬ್ಯಾಂಕು, ಸೊಳ್ಳೆಬತ್ತಿ. ಊರಲ್ಲಿ ಎಲ್ಲರ ಮನೆಯಲ್ಲೂ ನನ್ನ ಧ್ವನಿ. ಮುಖ ಯಾರಿಗೂ ಗೊತ್ತಿಲ್ಲ. ‘ಬೆಲೆ ಕೇವಲ’ ಅನ್ನುವಲ್ಲಿ ನಗು ಸಾಲದಂತೆ. ಟೇಕ್ ಮೇಲೆ ಟೇಕ್.

ರೆಕಾರ್ಡಿಂಗಿಗೆ ಶಶಿಕಾಂತ. ಬೆಳಗಾವಿ ಕಡೆಯವನು. ಆ ಸ್ಟುಡಿಯೋದಲ್ಲಿ ನನ್ನ ಜೊತೆ ಕನ್ನಡ ಆಡುವವನು ಅವನೊಬ್ಬನೇ. ಮುಗಿದ ಮೇಲೆ ಮೈಕಿನ ಮುಂದೆ ನಿಂತು, “ನಂದೊಂದು ಫೋಟೋ ತೆಗಿಯಪ್ಪ” ಅಂದೆ. ತೆಗೆದ. ನೋಡಿದವನೇ, “ಅಕ್ಕಾರ, ಹಿಂದ ಸ್ಕ್ರಿಪ್ಟ್ ಕಾಣಾಕತ್ತೈತ್ರಿ. ಬೋರಲ ಇಡ್ರಿ, ಇನ್ನೊಂದ್ ತಗೀತೇನಿ” ಅಂದ. ಇಟ್ಟೆ. ಇನ್ನೊಂದು ತೆಗೆದ.

ಎರಡನೆಯದರಲ್ಲಿ ಕಣ್ಣು ಅರ್ಧ ಮುಚ್ಚಿದೆ. ಮೊದಲನೆಯದರಲ್ಲಿ ಚೆನ್ನಾಗಿ ನಗುತ್ತಿದ್ದೇನೆ. ಲೋಕಲ್‌ನಲ್ಲಿ ನಿಂತೇ ಮೊದಲನೆಯದನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ‘ಹೊಸ ಕೆಲಸ, ಹಳೇ ಮೈಕು!’

ಮಾರ್ಚ್ 5, ಬುಧವಾರ

ಬೆಳಿಗ್ಗೆ ಖುಷಿ. ಮೈಸೂರಿನಿಂದ ಚಿಕ್ಕಮ್ಮನ ಮಗಳು — “ಆ ಸೊಳ್ಳೆಬತ್ತಿ ನೀನೇನಾ ಅಕ್ಕಾ!” ಎಲ್ಲರಿಗೂ ಉತ್ತರ ಬರೆಯುತ್ತಾ ಕೂತೆ.

ಮಧ್ಯಾಹ್ನ ನಿಶಾ ಫೋನ್. ನನಗೆ ಕೆಲಸ ಕೊಡಿಸುವ ಕೋಆರ್ಡಿನೇಟರ್, ಯಾವತ್ತೂ ಕೂಗಿದವಳಲ್ಲ. “ಮೇಡಂ, ವೋ ಫೋಟೋ ಅಭೀ ಕೆ ಅಭೀ ನಿಕಾಲೋ!”

ಯಾರೋ ಫೋಟೋ ದೊಡ್ಡದು ಮಾಡಿ ಓದಿದ್ದಾರೆ. ಸ್ಕೂಟರಿನ ಹೆಸರು, ಬೆಲೆ — ಎಲ್ಲ. ಅದು ಹೊರಗೆ ಬರಬೇಕಿದ್ದದ್ದು ಭಾನುವಾರ. ಎದುರಾಳಿ ಕಂಪನಿ ಆಗಲೇ ತನ್ನ ಬೆಲೆ ಇಳಿಸಿದೆಯಂತೆ.

ತೆಗೆದುಹಾಕಿದೆ. ತೆಗೆದು ಏನು... ಅಷ್ಟರಲ್ಲಿ ಊರೆಲ್ಲ ಸುತ್ತಿತ್ತು.

ಮಾರ್ಚ್ 6, ಗುರುವಾರ

ಸ್ಟುಡಿಯೋಗೆ ಕರೆಸಿದರು. ಮಾಲೀಕರು, ಜಾಹೀರಾತು ಏಜೆನ್ಸಿಯ ಇಬ್ಬರು. ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

“ಫೋಟೋ ಕಿಸ್‌ನೇ ಲೀ?”

“ಶಶಿಕಾಂತ” ಅಂದೆ.

ಅಷ್ಟೇ ಅಂದೆ. ಕಾಗದ ಬೋರಲು ಇಡಿ ಅಂದದ್ದೂ ಅವನೇ ಅಂತ ಹೇಳಲಿಲ್ಲ. ಗಾಜಿನ ಆಚೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ. ಕೇಳಿಸಿರಲಾರದು. ನನ್ನ ಕಡೆ ನೋಡಿ ತಲೆ ಆಡಿಸಿದ — ಹೆದರಬ್ಯಾಡ್ರಿ ಅನ್ನುವ ಹಾಗೆ.

ಮಾರ್ಚ್ 12, ಬುಧವಾರ

ಶಶಿಕಾಂತನನ್ನು ಅವತ್ತು ಸಂಜೆಯೇ ಕೆಲಸದಿಂದ ತೆಗೆದರಂತೆ. ನಿಶಾ ಇವತ್ತು ಹೇಳಿದಳು. ನನಗೂ ‘ಸದ್ಯಕ್ಕೆ’ ಕೆಲಸ ಇಲ್ಲ. ವಾಟ್ಸಾಪ್ ಗ್ರೂಪಿನಿಂದಲೂ ತೆಗೆದಿದ್ದಾರೆ.

ಟಿವಿಯಲ್ಲಿ ಸ್ಕೂಟರ್ ಬಂತು, ಬೇರೆ ಯಾರದೋ ಧ್ವನಿಯಲ್ಲಿ. ಚೆನ್ನಾಗಿಯೇ ಹೇಳಿದ್ದಾಳೆ. ನಮ್ಮವರು ರಿಮೋಟ್ ಹುಡುಕಿ ಮ್ಯೂಟ್ ಮಾಡಿದರು.

“ಅವನ ಹೆಸರು ಹೇಳಬಾರದಿತ್ತು ಕಣೇ” ಅಂದರು.

“ಕೇಳಿದರು, ಹೇಳಿದೆ. ಸುಳ್ಳು ಹೇಳಲಾ?”

“ಪೂರ್ತಿ ಹೇಳಬೇಕಿತ್ತು.”

ಅನ್ನಕ್ಕೆ ಇಡಲು ಎದ್ದೆ.

ಮಾರ್ಚ್ 27, ಗುರುವಾರ

ಮಲಾಡ್, ವರ್ಸೋವಾ — ಎಲ್ಲ ಕಡೆ ಒಂದೇ ಉತ್ತರ: “ಥೋಡಾ ಠಂಡಾ ಹೋನೇ ದೋ, ಮೇಡಂ.” ಹೊಸಬರು ಸಾಲುಗಟ್ಟಿ ನಿಂತಿದ್ದಾರೆ. ತಣ್ಣಗಾಗುವ ಹೊತ್ತಿಗೆ ನಾನು ಯಾರಿಗೆ ನೆನಪಿರುತ್ತೇನೆ?

ಇವತ್ತು ನಿಶಾ ಮನೆಗೇ ಬಂದಳು. ಕೈಯಲ್ಲಿ ಇಂಗ್ಲಿಷಿನ ಒಂದು ಹೇಳಿಕೆ, ಸ್ಕೂಟರ್ ಕಂಪನಿಗೆ ತೋರಿಸಲು ಏಜೆನ್ಸಿ, ಸ್ಟುಡಿಯೋ ಸೇರಿ ಬರೆಸಿದ್ದು. ರೆಕಾರ್ಡಿಸ್ಟ್ ತಾನಾಗಿ ಫೋಟೋ ತೆಗೆದ, ಸ್ಕ್ರಿಪ್ಟ್ ಕಾಣುತ್ತದೆಂದು ಎಚ್ಚರಿಸಲಿಲ್ಲ — ಹೀಗೆ. ಸಹಿ ಹಾಕಿದರೆ ಏಜೆನ್ಸಿ ನನ್ನ ಮೇಲಿನ ತಡೆ ತೆಗೆಯುತ್ತದೆ. “ಉಸ್‌ಕೀ ನೌಕರೀ ತೋ ವೈಸೇ ಭೀ ಗಯೀ, ಮೇಡಂ.” ಅವನ ಕೆಲಸ ಹೇಗೂ ಹೋಗಿದೆಯಂತೆ.

ಮಗಳು ಧಾತ್ರಿ ಓದಿದಳು. “ಅಮ್ಮಾ, ಯೇ ಝೂಠ್ ಹೈ ನಾ? ನೀನು ನಂಗೆ ಬೇರೆ ಥರ ಹೇಳಿದ್ದೆ.” ಪೆನ್ನು ಹುಡುಕಿದೆ. ಅವಳಪ್ಪ ಬಾಲ್ಕನಿಗೆ ಹೋಗಿ ನಿಂತರು.

ಹಾಕಿದೆ.

ಏಪ್ರಿಲ್ 6, ಭಾನುವಾರ

ತಡೆಯಲಾಗಲಿಲ್ಲ. ಧಾರಾವಿಯಲ್ಲಿರುವ ಶಶಿಕಾಂತನ ಮನೆಗೆ ಹೋದೆ. ಸಹಿಯ ವಿಷಯ ಹೇಳಿಬಿಡಬೇಕು ಅಂತಲೇ ಹೋದದ್ದು.

ಅವನು ಮನೆಯ ಕೆಳಗಿನ ಚರ್ಮದ ಬ್ಯಾಗಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಭಾನುವಾರವೂ ಹೊಲಿಗೆ ಮಷೀನುಗಳ ಗದ್ದಲ. ಅವನ ತಾಯಿ ಗಂಗುಬಾಯಿ ಚಹಾ ಕೊಟ್ಟರು. “ಕಿವ್ಯಾಗ ಹತ್ತಿ ಇಟ್ಕೊಂಡ್ ಕುಂದರ್ತಾನ ನೋಡ್ರಿ ನನ್ ಮಗ. ಕಿವಿ ಕೆಟ್ರ ಮತ್ತ ಸ್ಟುಡಿಯೋದಾಗ ಯಾರ್ ತಗೋತಾರ ಅಂತಾನ.”

ಬಂದ. ಬೆರಳ ತುಂಬಾ ಗೋಂದು. ನನ್ನನ್ನು ನೋಡಿ ಸಂಕೋಚಪಟ್ಟು ಕೈ ಹಿಂದೆ ಇಟ್ಟುಕೊಂಡ. ಹೇಳಿಕೆಯ ವಿಷಯ ಅವನಿಗೆ ಗೊತ್ತಿಲ್ಲ.

“ಅಕ್ಕಾರ, ಪರೇಲದಾಗ ಒಂದ್ ಸ್ಟುಡಿಯೋದವ್ರು ಕರದಾರ್ರಿ. ಗುರ್ತಿನವ್ರದು ಯಾರದರ ನಂಬರ್ ಕೊಡು ಅಂದಾರ. ನಿಮ್ದು ಕೊಡ್ಲ್ಯಾ? ನಾ ಎಂಥಾಂವ ಅಂತ ಒಂದ್ ಮಾತ್ ಹೇಳಿದ್ರ ಸಾಕ್ರಿ.”

“ಕೊಡು” ಅಂದೆ.

ಗಂಗುಬಾಯಿ ನನ್ನ ಕೈ ಹಿಡಿದುಕೊಂಡರು. ಹೇಳಬೇಕಾದದ್ದನ್ನು ಹೇಳದೆ ಎದ್ದು ಬಂದೆ.

ಏಪ್ರಿಲ್ 9, ಬುಧವಾರ

ನಾಳೆ ರೆಕಾರ್ಡಿಂಗ್. ನಿಶಾ ಬೆಳಿಗ್ಗೆಯೇ ಖಚಿತ ಮಾಡಿದಳು. ಅದೇ ಏಜೆನ್ಸಿ, ಮಕ್ಕಳ ಬಿಸ್ಕತ್ತು.

ಸಂಜೆ ಪರೇಲಿನ ಫೋನ್ ಬಂತು. ತುಂಬಾ ಮರ್ಯಾದೆಯ ಮನುಷ್ಯ. ಶಶಿಕಾಂತನ ಕೆಲಸ ಹಿಡಿಸಿದೆ, ತಗೊಳ್ಳೋಣ ಅಂತಿದ್ದೇವೆ ಅಂದರು. ಆದರೆ ಹಳೆಯ ಸ್ಟುಡಿಯೋ ಒಂದು ಹೇಳಿಕೆ ಕಳಿಸಿದೆ, ಕೆಳಗೆ ನಿಮ್ಮ ಸಹಿ ಇದೆ. ಬರೆದದ್ದು ನಿಜವೇ? ನೀವು ಅಲ್ಲ ಅಂದರೆ ಸಾಕು, ನಾವು ನಂಬುತ್ತೇವೆ.

ಬಾಗಿಲಲ್ಲಿ ಧಾತ್ರಿ ನಿಂತಿದ್ದಳು.

“ಹೌದು ಸರ್, ನಿಜ” ಅಂದೆ. ಧ್ವನಿ ಚೂರೂ ನಡುಗಲಿಲ್ಲ. ಥ್ಯಾಂಕ್ಯೂ ಅಂದು ಇಟ್ಟರು.

ಧಾತ್ರಿ ಒಳಗೆ ಹೋದಳು. ಊಟಕ್ಕೆ ಕರೆದರೆ ಬರಲಿಲ್ಲ. ಇವರು ಅರ್ಧಕ್ಕೇ ಎದ್ದು ಕೈ ತೊಳೆದರು.

ಫೋನ್ ಬರುತ್ತಿದೆ. ಶಶಿಕಾಂತ. ನಿಂತಿತು... ಮತ್ತೆ ಅವನೇ. ಒಳಗಿನಿಂದ ಧಾತ್ರಿ ಕೂಗುತ್ತಿದ್ದಾಳೆ, “ಉಠಾಓ ನಾ, ಅಮ್ಮಾ!” ಎತ್ತಿ ಏನಂತ ಹೇಳಲಿ?