ಹದಿಮೂರನೆಯ ರೂಢಿ

ಜೋಳಮಾಸ, ಮೂವತ್ತೇಳನೇ ದಿನ
(ನಿಮ್ಮ ಲೆಕ್ಕಕ್ಕೆ 2291)
ವಿಜಯಪುರ, ನೆಲದಡಿಯ ಮೂರನೇ ಓಣಿ

ಹಿಂದಿನ ಕಾಲದ ಅಕ್ಕಂದಿರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮ ತಿಂಗಳಿಗೆ ನಲವತ್ತು ದಿನ. ಒಂದು ಕೆಲಸ ಕೈಗೆ ಹತ್ತಲು ಅಷ್ಟು ಬೇಕೆಂದು ಹಿರಿಯರು ಹಾಗೆ ಅಳೆದರು. ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಕಾಲೇಜಿನಲ್ಲಿ ಓದಿದ್ದೇನೆ, ಆದರೆ ನಾಲ್ಕು ದಿನದಿಂದ ಕಣ್ಣು ಮುಚ್ಚಿಲ್ಲ.

ಇಲ್ಲಿ ಬಿಸಿಲು ಏರುವುದರೊಳಗೆ ಎಲ್ಲ ಕೆಲಸ ಮುಗಿಯಬೇಕು. ಅದಕ್ಕೇ ಪ್ರತಿಯೊಬ್ಬರೂ ಹನ್ನೆರಡು ರೂಢಿಗಳನ್ನು ಕಟ್ಟಿಸಿಕೊಳ್ಳುತ್ತೇವೆ: ಏಳುವುದು, ನೀರು ಕುಡಿಯುವುದು, ಮೈ ಬಗ್ಗಿಸುವುದು, ರೊಟ್ಟಿ ಬಡಿಯುವುದು, ಹೀಗೆ. ಓಣಿಗೊಬ್ಬ ರೂಢಿಗಾರ್ತಿ ಇರುತ್ತಾಳೆ. ನಲವತ್ತು ದಿನ ಮಗ್ಗುಲಲ್ಲಿ ಕೂತು, ಅದೇ ಹೊತ್ತಿಗೆ ಅದೇ ಕೆಲಸ ಮಾಡಿಸುತ್ತಾಳೆ, ಕೈ ತಾನಾಗಿ ನಡೆಯುವವರೆಗೆ. ಆಗ ಬಿಡುವಾಗುವ ಮನಸ್ಸಿಗೆ ನಾವು ತೆರಪು ಎನ್ನುತ್ತೇವೆ. ನನ್ನ ತೆರಪಿನಲ್ಲಿ ನಾನು ಊರಿನ ಬಾವಿಗಳಿಗೆ ಉಪ್ಪು ಯಾವ ದಾರಿಯಿಂದ ಇಳಿಯುತ್ತಿದೆ ಎಂದು ಹುಡುಕುತ್ತೇನೆ. ರೊಟ್ಟಿ ಬಡಿಯುತ್ತಲೇ ಎರಡು ಬಾವಿ ಉಳಿಸಿದ್ದೇನೆ. ಜಂಬಕ್ಕಲ್ಲ, ರೂಢಿ ಒಳ್ಳೆಯದೆಂದು ಈಗಲೂ ನಂಬುತ್ತೇನೆ.

ಎಳೆಗೂಸಿನ ಆರೈಕೆಯನ್ನು ಮಾತ್ರ ರೂಢಿ ಕಟ್ಟಬಾರದು, ಅದು ನಿಯಮ. ಮಗಳು ಗುರುಬಾಯಿಗೆ ಐದು ತಿಂಗಳಾದಾಗ ನಮ್ಮ ರೂಢಿಗಾರ್ತಿ ನಿಂಬವ್ವನ ಬಳಿ ಹೋಗಿ, ಸ್ನಾನವೊಂದನ್ನಾದರೂ ಕಟ್ಟಿಕೊಡು ಎಂದು ಬೇಡಿದೆ. ಆಕೆ ಎಲೆ ಅಡಿಕೆ ಜಗಿಯುತ್ತ, "ರೊಟ್ಟಿ ದಿನಾ ಒಂದ ನಮೂನಿ ಇರ್ತೈತಿ, ತಂಗಿ. ಕೂಸು ಇರ್ತೈತೇನು?" ಎಂದಳು. ನಾನು ಮನೆಗೆ ಬಂದು ಅದನ್ನು ಗುಟ್ಟಾಗಿ ನಾನೇ ಹದಿಮೂರನೆಯ ರೂಢಿಯಾಗಿ ಕಟ್ಟಿಕೊಂಡೆ. ಹೊತ್ತು ಸಾಲದೆ ಅಲ್ಲ, ಅಕ್ಕಂದಿರೇ. ನನಗೆ ಬೇಸರವಾಗುತ್ತಿತ್ತು. ಎಣ್ಣೆ, ಸೀಗೆ, ಅಳು, ಮತ್ತೆ ಎಣ್ಣೆ. ಇಷ್ಟನ್ನು ಬರೆಯಲು ಮೂರು ಸಲ ಹಾಳೆ ಹರಿದಿದ್ದೇನೆ.

ನಾಲ್ಕು ದಿನದ ಹಿಂದೆ ನನ್ನ ಕೈ ಎಣ್ಣೆ ಹಚ್ಚಿತು, ಮಗುವನ್ನು ಕಾಲ ಮೇಲೆ ಮಲಗಿಸಿತು, ನೀರು ಹೊಯ್ಯಿತು. ನಾನು ನನ್ನ ತೆರಪಿನಲ್ಲಿ, ಮೂರನೇ ಬಾವಿಯಲ್ಲಿದ್ದೆ. ಅತ್ತೆ ಒಳಗೆ ಬಂದು ಕೂಸಿನ ಪಾದ ಮುಟ್ಟಿದರು. "ಮೈ ಕೆಂಡ ಆಗೇತಿ, ಅಳೂದೂ ಬಿಟ್ಟೈತಿ, ನೀ ಇನ್ನೂ ನೀರು ಹಾಕಾಕತ್ತೀಯಲ್ಲ, ಎಲ್ಲಿ ಅದೀ ನೀ?" ಅವರ ಮಾತು ಕೇಳಿಸಿತು. ಕೇಳಿಸಿದ ಮೇಲೂ ಕೈ ಇನ್ನೊಂದು ತಂಬಿಗೆ ಎತ್ತಿತು. ರೂಢಿಯಲ್ಲಿ ಒಂಬತ್ತು ತಂಬಿಗೆ ಇದ್ದವು, ಅದು ಒಂಬತ್ತನೆಯದು.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಮಗುವಿಗೆ ಎರಡು ಸಲ ಜ್ವರದ ಸೆಳೆತ ಬಂತು. ಉಳಿದಳು. ಈಗ ಊರೆಲ್ಲ ಮಧ್ಯಾಹ್ನದ ನಿದ್ದೆಯಲ್ಲಿದೆ, ಅವಳೂ ಮಲಗಿದ್ದಾಳೆ. ನಾನು ಒಂದು ಸಾಲು ಬರೆಯುವುದು, ಅವಳ ಹಣೆ ಮುಟ್ಟುವುದು.

ಅತ್ತೆ ಓಣಿಗೆಲ್ಲ, "ನಮ್ಮ ಸೊಸಿ ಭಾಳ ದಣದಿದ್ಲು, ಪಾಪ" ಎಂದು ಹೇಳಿಕೊಂಡು ಬಂದಿದ್ದಾರೆ. ಮನೆಮನೆಯಿಂದ ಗಂಜಿ ಬರುತ್ತಿದೆ; ತಲೆ ತಗ್ಗಿಸಿ ಕುಡಿಯುತ್ತೇನೆ. ಇದರ ಮೇಲೆ, ನಾಳೆ ಓಣಿಯ ಸಭೆಯಲ್ಲಿ ಹೊಸ ಬಾಣಂತಿಯರಿಗೆ ದಿನಚರಿ ಕಲಿಸುವ ಕೆಲಸವನ್ನು ನನಗೇ ಒಪ್ಪಿಸುವವರಿದ್ದಾರೆ. ನನ್ನಷ್ಟು ಅಚ್ಚುಕಟ್ಟು ಯಾರಿಗಿದೆ ಎನ್ನುತ್ತಾರೆ.

ನಿಮ್ಮಲ್ಲೂ ಬೆಳಗಿನ ನಡಿಗೆ, ಹೊತ್ತಿಗೆ ಊಟ ಎಂದು ರೂಢಿ ಮಾಡಿಕೊಳ್ಳುವವರಿದ್ದರಂತೆ. ಬಿಡಬೇಡಿ. ಆದರೆ ಒಂದೊಂದನ್ನೂ ಕೈಗೆ ಒಪ್ಪಿಸುವ ಮೊದಲು, ಇದು ನಿಜಕ್ಕೂ ಸುಲಭದ್ದೋ ಅಥವಾ ನನಗೆ ಬೇಡವಾದದ್ದೋ ಎಂದು ಕೇಳಿಕೊಳ್ಳಿ. ಮೂರನೇ ಬಾವಿಗಿಂತ ಕಷ್ಟದ್ದು ನನ್ನ ಕಾಲ ಮೇಲೇ ಮಲಗಿತ್ತು.

ಈ ಓಲೆ ನಿಮಗೆ ತಲುಪುತ್ತದೆಯೋ ಇಲ್ಲವೋ ತಿಳಿಯದು. ಅದಕ್ಕೇ ನಾಳೆ ಇದನ್ನು ಸಭೆಯಲ್ಲಿ ಓದುತ್ತೇನೆ. ಅತ್ತೆಗೆ ಕಿವಿ ಸ್ವಲ್ಪ ಮಂದ. ಅವರು ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಗಟ್ಟಿಯಾಗಿ ಓದಬೇಕು.

ನಿಮ್ಮ ಮುಂದಿನವಳು,
ಅಂಬಿಕಾ ಸಾರವಾಡ