ಭೂತನಾಳದ ಪಾತರಗಿತ್ತಿ

ಘೋಣಸಗಿ
೯ ಫೆಬ್ರುವರಿ ೨೦೨೫

ಪ್ರೀತಿಯ ಶಿವಾಜಿ ಅಣ್ಣನಿಗೆ ನೀಲಾಳ ಜೈಭೀಮ.

ಪತ್ರ ತಡವಾಯಿತು, ಸಿಟ್ಟಾಗಬೇಡ. ಫೋನಿನಲ್ಲಿ ಹೇಳೋಣವೆಂದರೆ ನೀನು ಮಾತನ್ನು ಅರ್ಧಕ್ಕೇ ಕತ್ತರಿಸುತ್ತೀ. ಕಾಗದವಾದರೆ ಕೊನೆಯವರೆಗೆ ಓದಲೇಬೇಕಲ್ಲ. ಮನೆಯಲ್ಲಿ ವೈನಿ ಆರಾಮ ಇದ್ದಾರೆಯೇ? ಮಗಳು ವಿಶಾಖಾ ಗಂಡನ ಮನೆಯಿಂದ ಬಂದುಹೋದಳೇ?

ನಮ್ಮ ವಾದ್ಯದ ಸುದ್ದಿ ವಿಜಯಪುರದವರೆಗೂ ಬಂದಿರಬೇಕು. ಭೂತನಾಳ ಕೆರೆಯಲ್ಲಿ ನೀರು ಸರಿದ ಕೆಸರಿನ ಮೇಲೆ ಪಾತರಗಿತ್ತಿಗಳು ಗುಂಪಾಗಿ ಕೂರುತ್ತವಲ್ಲ, ಅದನ್ನೇ ನೋಡಿ ನೋಡಿ ಒಂದು ವಾದನ ಕಟ್ಟಿದ್ದೇನೆ. ಡೊಳ್ಳಿಲ್ಲ, ಹಲಗೆಯಿಲ್ಲ, ಬರೀ ಊದುವ ವಾದ್ಯ. ಸನಾದಿ ನನ್ನದು, ಕ್ಲಾರಿನೆಟ್ ಮುನಾಫಣ್ಣನದು, ಕೊಳಲು ಲಲಿತಾಳದು. ನಮ್ಮ ಮನೆಯವರು ಶ್ರುತಿಗೆ ಸುರ ಊದುತ್ತಾರೆ. ನಾವು ಏನೇ ಊದಲಿ, ಅವರದು ಒಂದೇ ಸ್ವರ. ಹೆಂಡತಿ ಮುಂದೆ, ಗಂಡ ಹಿಂದೆ ಎಂದು ಊರು ನಗುತ್ತದೆ. ನಗಲಿ. ಅವರ ಸುರ ಆ ಕೆಸರಿನ ಹಾಗೆ, ಅದಿಲ್ಲದೆ ನಮಗೆ ಕೂರಲು ಜಾಗವಿಲ್ಲ.

ಅದನ್ನು ಮೊದಲು ಊದಿದ್ದು ಟಿಕೋಟಾದ ಗುರಲಿಂಗಪ್ಪನವರ ಮಗನ ಮದುವೆಯಲ್ಲಿ. ಬೆಳ್ಳಕ್ಕಿ ಹತ್ತಿರ ಬಂದರೆ ಪಾತರಗಿತ್ತಿಗಳೆಲ್ಲ ಒಮ್ಮೆಲೇ ಏಳುತ್ತವೆ ನೋಡು, ವಾದನದಲ್ಲಿ ಆ ಜಾಗ ಬಂತು. ನಾಲ್ಕೂ ವಾದ್ಯ ಜೋರಾಗಿ ಎದ್ದದ್ದೇ ತಡ, ಮಂದಿ ತಾಳಿ ಕಟ್ಟಿಯಾಯಿತೆಂದು ತಿಳಿದು ಅಕ್ಕಿಕಾಳು ತೂರಿಬಿಟ್ಟರು. ಅವರದೇನು ತಪ್ಪು, ವಾದ್ಯ ಜೋರಾದರೆ ಕೈ ತಾನೇ ಏಳುತ್ತದೆ. ತಾಳಿ ಇನ್ನೂ ತಟ್ಟೆಯಲ್ಲೇ ಇತ್ತು.

ಗುರಲಿಂಗಪ್ಪನವರು ಓಡಿಬಂದರು. "ಏನ ಊದಾಕತ್ತಿ ಬೇ? ಸಿನಿಮಾ ಹಾಡ ಹಚ್ಚು, ಇಲ್ಲಾ ಎದ್ದು ಹೋಗು."

"ಇದು ಮುಗೀಲಿರಿ, ಆಮ್ಯಾಲ ಹಚ್ಚತೇನಿ," ಅಂದೆ.

ಮುನಾಫಣ್ಣ ಕ್ಲಾರಿನೆಟ್ ಕೆಳಗಿಡದೆ ನಕ್ಕ. "ಅಕ್ಕಿಕಾಳ ಇನ್ನೊಮ್ಮಿ ಹಂಚರಿ ಸಾವಕಾರ್ರ, ಪಾತರಗಿತ್ತಿ ಇನ್ನೂ ಕೆಳಗ ಇಳದಿಲ್ಲ."

ಇಳಿಯುವ ತನಕ ಊದಿದೆವು. ಮದುವೆಯೂ ಆಯಿತು. ಎರಡು ಸಲ ಅಕ್ಕಿಕಾಳು ಬಿದ್ದ ಮದುಮಕ್ಕಳು ಚೆನ್ನಾಗಿಯೇ ಇದ್ದಾರೆ.

ಈಗ ಟಿಕೋಟಾದವರು ನಮ್ಮನ್ನು ಕರೆಯುವುದಿಲ್ಲ. ಬಬಲೇಶ್ವರದವರು 'ಆ ಪಾತರಗಿತ್ತಿ ಒಂದು ಬ್ಯಾಡ' ಎಂದು ಮೊದಲೇ ಹೇಳಿ ಕರೆಯುತ್ತಾರೆ. ನಾನು ಅದನ್ನೇ ಮೊದಲು ಊದುತ್ತೇನೆ. ಬಿಟ್ಟುಬಿಡು ಎಂದು ಬರೆಯಬೇಡ ಅಣ್ಣಾ, ನಾನು ಬಿಡುವವಳಲ್ಲ.

ವೈನಿಗೆ ನಮಸ್ಕಾರ. ವಿಶಾಖಾಳಿಗೂ ಅಳಿಯನಿಗೂ ತುಂಬು ಆಶೀರ್ವಾದ. ನಿನ್ನ ಮನೆ ತಣ್ಣಗಿರಲಿ.

ನಿನ್ನ ತಂಗಿ,
ನೀಲಾ

ತಾ.ಕ.: ಆ ಪಾತರಗಿತ್ತಿಗಳನ್ನು ನನಗೆ ಮೊದಲು ತೋರಿಸಿದವಳು ನಿನ್ನ ಮಗಳು. ಆಗಿನ್ನೂ ಸಾಲಿಗೆ ಹೋಗುವ ಹುಡುಗಿ, ಕೆಸರಿನಲ್ಲಿ ನಿಂತು "ಅತ್ತೀ, ಇದನ್ನ ನನ್ನ ಮದವಿಗೆ ಊದು" ಅಂದಿದ್ದಳು. ಅವಳಿಗಾಗಿಯೇ ಕಟ್ಟಿದ್ದು. ಮದುವೆ ಬಂದಾಗ ನೀನು "ಬೀಗರು ದೊಡ್ಡ ನೌಕರಿ ಮಂದಿ ಅದಾರ. ಛಲೋ ಸೀರಿ ಉಟಗೊಂಡು ಸುಮ್ಮ ಮುಂದ ಕೂಡು, ಊದಬ್ಯಾಡ" ಅಂದೆ. ಕೂತೆ. ಸ್ಪೀಕರಿನ ಹಾಡಿಗೆ ಎಲ್ಲರ ಜೊತೆ ಹೂವಿನ ಎಸಳು ತೂರಿದೆ. ವಿಶಾಖಾ ತಲೆಯೆತ್ತಿ ನನ್ನ ಕೈ ನೋಡಿದಳು, ಸನಾದಿ ಇದೆಯೇ ಎಂದು. ಅವಳ ಆ ನೋಟ ನನ್ನನ್ನು ಇನ್ನೂ ಸುಡುತ್ತದೆ. ನಾಳೆ ಅವಳಿಗೆ ಕೂಸಾದಾಗ ಅದರ ತೊಟ್ಟಿಲಿಗೆ ನಾವು ನಾಲ್ವರೂ ಬರುತ್ತೇವೆ. ನೀನು ಕರೆದರೂ ಬರುತ್ತೇವೆ, ಕರೆಯದಿದ್ದರೂ ಬರುತ್ತೇವೆ.