ಶನಿವಾರ ಬಂದ ಫೋನು

ಊರಿಗಾಂ, ಕೆಜಿಎಫ್
೨೦ ಜೂನ್ ೨೦೨೧, ಭಾನುವಾರ

ಪ್ರೀತಿಯ ಅತ್ತೆಮ್ಮಾ,

ನಿಮ್ಮ ಸೊಸೆ ಶಶಿರೇಖ ಮಾಡುವ ನಮಸ್ಕಾರ. ಮಂಡಿನೋವು ಹೇಗಿದೆ? ರಾಧಾಮಣಿ ಬಿಸಿನೀರಿನ ಶಾಖ ಕೊಡುತ್ತಿದ್ದಾಳೋ, ಇಲ್ಲ ಮಗಳ ಮನೆ ಅಂತ ನೀವೇ ಹಾಲು ಕರೆಯಲು ಕೂತಿದ್ದೀರೋ? ನಮ್ಮ ಗೋಪಿ ಮೊಸರನ್ನ ಬಿಟ್ಟು ಬೇರೇನಾದರೂ ತಿನ್ನುತ್ತಾನಾ? ಏಳು ವಾರದಿಂದ ನೀವು ನನ್ನ ಫೋನ್ ಎತ್ತಿಲ್ಲ. ರಾಧಾಮಣಿಗೆ ಮಾಡಿದರೆ ಪಾಪ, ನನ್ನ ಮಕ್ಕಳ ದನಿ ಕೇಳಿಸುತ್ತಾಳೆ. ನಿಮ್ಮನ್ನು ಕೇಳಿದರೆ ಮಾತ್ರ ‘ಅಮ್ಮ ಮಲ್ಗವ್ರೆ’ ಅನ್ನುತ್ತಾಳೆ. ನೀವು ಅಷ್ಟೊಂದು ಮಲಗುವವರೇ ಅಲ್ಲ. ಅದಕ್ಕೇ ಬೂದಿಕೋಟೆಗೆ ಬರುವ ಹಾಲಿನ ವ್ಯಾನಿನಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ನವ್ಯಳ ಕೈಲಿ ಓದಿಸಿ, ಜೋರಾಗಿ ಓದಲಿ.

‘ಆ ಆಶಾ ಕೆಲ್ಸದ ಗುಲಾಬಿ ಸೀರೆ ಪೆಟ್ಗೇಲಿ ಇಟ್ಟ ದಿನ ಮಕ್ಳನ್ನ ಕರ್ಕೊಂಡು ಬತ್ತೀನಿ’ ಅಂದು ಹೊರಟಿರಲ್ಲ, ಅದರ ಮಾರನೇ ವಾರವೇ ಹಳೇ ಕಂಪನಿ ಬಂಗಲೆಯ ನರ್ಸಿಂಗ್ ಹುಡುಗಿಯರಿಗೆ ಕೊರೊನಾ ಬಂತು. ನೆನಪಿದ್ದಾರಾ, ಕೊತ್ತಂಬರಿ ಅಂತ ಪುದೀನ ಕೊಂಡು ನಿಮ್ಮನ್ನು ನಗಿಸಿದ ಮಣಿಪುರದ ಹುಡುಗಿಯರು? ಚರ್ಚಿಗೆ ಹೋಗುವವರು ಅಂದುಕೊಂಡಿದ್ದೆವು, ಅಲ್ಲ, ಅವರು ಯಹೂದಿಗಳು. ಹನ್ನೊಂದು ಜನ, ಸಾವಿರಾರು ಮೈಲಿ ದೂರದಲ್ಲಿ ತಾಯಂದಿರು. ಯಾರೂ ಒಳಗೆ ಹೋಗಬಾರದು ಅಂತ ಗೇಟಿಗೆ ಪಟ್ಟಿ ಕಟ್ಟಿದ ಮೇಲೆ ಹಾಲಿನವನೂ ಆ ಬೀದಿಗೆ ಕಾಲಿಡಲಿಲ್ಲ. ಹಾಲು, ತರಕಾರಿ, ಮಾತ್ರೆ ಎಲ್ಲಾ ನಾನೇ ಗೇಟಿನಲ್ಲಿಟ್ಟು ಬರುತ್ತಿದ್ದೆ. ದಿನಕ್ಕೆರಡು ಸಲ ಹನ್ನೊಂದು ಫೋನ್ ಮಾಡಿ ಜ್ವರ ಎಷ್ಟು, ಆಕ್ಸಿಜನ್ ಎಷ್ಟು ಅಂತ ಬರೆದುಕೊಳ್ಳುವುದೂ ನನ್ನದೇ ಕೆಲಸ.

ಮೊದಲ ಶನಿವಾರ ಒಬ್ಬಳೂ ಫೋನ್ ಎತ್ತಲಿಲ್ಲ. ಪೊಲೀಸಿನ ಅಂಬರೀಶ್, ಡಾಕ್ಟರು, ಆಂಬುಲೆನ್ಸು, ಎಲ್ಲರನ್ನೂ ಕರಕೊಂಡು ಹೋಗಿ ಗೇಟು ಬಡಿದೆ. ನೋಡಿದರೆ ಒಳಗೆ ಹನ್ನೊಂದೂ ಜನ ಕೂತು ಪ್ರಾರ್ಥನೆ ಹಾಡುತ್ತಿದ್ದಾರೆ! ಡಾಕ್ಟರು ನನಗೆ ಬೀದಿಯಲ್ಲೇ ಮಂಗಳಾರತಿ ಮಾಡಿದರು. ದೊಡ್ಡವಳು ಹೊಯ್ನೆಂಗ್ ಕಿಟಕಿಯಿಂದ, ನಮ್ಮವರ ಹತ್ತಿರವೇ ಕಲಿತ ಕನ್ನಡದಲ್ಲಿ, ‘ಅಕ್ಕಾ, ಶುಕ್ರವಾರ ಒತ್ತು ಮುಳುಗಿದ್ರೆ ಶನಿವಾರ ಒತ್ತು ಮುಳುಗೋಗಂಟ ಫೋನ್ ಮುಟ್ಟಲ್ಲ, ನಮ್ಮ ಧರ್ಮ. ಪ್ರಾಣ ಓಗೋ ಅಂಗಿದ್ರೆ ಮಾತ್ರ ಮುಟ್ತೀವಿ’ ಅಂದಳು. ಸಿಟ್ಟು ಬಂತು, ನಗುವೂ ಬಂತು. ಏಕಾದಶಿ ದಿನ ನಿಮಗೆ ಒಂದು ತುತ್ತು ತಿನ್ನಿಸಲು ಆಗದ ನಾನು ಅವರಿಗೇನು ಹೇಳಲಿ? ಶನಿವಾರ ನಾನೇ ಗೇಟಿಗೆ ಬರುತ್ತೇನೆ, ಒಬ್ಬೊಬ್ಬರೇ ಕಿಟಕಿಗೆ ಬಂದು ಕೈ ಎತ್ತಬೇಕು ಅಂತ ಮಾತಾಯಿತು.

ಮುಂದಿನ ಶನಿವಾರ ಬೆಳಿಗ್ಗೆ ಮುದ್ದೆ ತಿರುವುತ್ತಿದ್ದೆ, ಫೋನ್ ಬಡಿದುಕೊಂಡಿತು. ಹೊಯ್ನೆಂಗ್ ಹೆಸರು. ಎತ್ತುವ ಮೊದಲೇ ನನಗೆ ಗೊತ್ತಾಯಿತು ಅತ್ತೆಮ್ಮಾ. ಮುದ್ದೆಕೋಲು ಪಾತ್ರೆಯಲ್ಲೇ ಬಿಟ್ಟು ಓಡಿದೆ. ಎಲ್ಲರಿಗಿಂತ ಚಿಕ್ಕವಳು ಕಿಮ್ನೆಯೊಗೆ ಆಕ್ಸಿಜನ್ ಎಂಬತ್ನಾಲ್ಕಕ್ಕೆ ಇಳಿದಿತ್ತು. ಆಂಬುಲೆನ್ಸಿಗೆ ಎರಡು ಗಂಟೆ ಆಗುತ್ತದೆ ಅಂದರು. ಆಗ, ಬೈಬೇಡಿ ಅತ್ತೆಮ್ಮಾ, ನಿಮ್ಮ ಮಗ, ನಿಮ್ಮ ಜೊತೆ ಸೇರಿ ‘ಕೆಲ್ಸ ಬುಟ್ಬುಡು’ ಅಂತ ನನ್ನ ತಲೆ ತಿಂದ ಅದೇ ಮನುಷ್ಯ, ತಮ್ಮ ಆಟೋ ತಂದು ಗೇಟಿಗೆ ನಿಲ್ಲಿಸಿದರು. ನಾಕಾಬಂದಿಯಲ್ಲಿ ಅಂಬರೀಶ್ ದಾರಿ ಬಿಡಿಸಿದ. ಬಂಗಾರಪೇಟೆಯ ಆಸ್ಪತ್ರೆಯಲ್ಲಿ ಒಂದೇ ಒಂದು ಹಾಸಿಗೆ ಖಾಲಿ ಇತ್ತು, ಅದು ನಮ್ಮ ಹುಡುಗಿಗೆ ಸಿಕ್ಕಿತು. ಆಮೇಲೆ ನಾವಿಬ್ಬರೂ ಹದಿನಾಲ್ಕು ದಿನ ಮನೆಯೊಳಗೇ ಇದ್ದೆವು. ನಿಮ್ಮ ಮಗನಿಗೆ ಒಂದು ಸೀನೂ ಬರಲಿಲ್ಲ, ಬಾಯಿ ಮಾತ್ರ ಇನ್ನೂ ಜೋರಾಗಿದೆ.

ಕಿಮ್ನೆಯೊ ಹನ್ನೆರಡನೇ ದಿನಕ್ಕೆ ನಡೆದುಕೊಂಡೇ ಆಸ್ಪತ್ರೆಯಿಂದ ಬಂದಳು. ನಿನ್ನೆ ಶನಿವಾರ. ಗೇಟಿಗೆ ಪಟ್ಟಿ ಇಲ್ಲ, ಹೋಗುವ ಅಗತ್ಯವೂ ಇರಲಿಲ್ಲ, ಆದರೂ ಹೋಗಿ ನಿಂತೆ. ಕಿಟಕಿಯಲ್ಲಿ ಒಂದೊಂದಾಗಿ ಕೈ ಎದ್ದವು. ಎಣಿಸಿದೆ, ಹನ್ನೊಂದು! ಒಂದೂ ಕಡಿಮೆ ಇಲ್ಲ. ನಾನೂ ಎರಡೂ ಕೈ ಎತ್ತಿ ಕೂಗಿದೆ. ಪಕ್ಕದ ಮನೆಯವರು ಹೊರಬಂದು ನೋಡಿದರು, ಹಾಲಿನವನು ಸೈಕಲ್ ನಿಲ್ಲಿಸಿ ಚಪ್ಪಾಳೆ ತಟ್ಟಿದ. ಇಷ್ಟು ಸಂತೋಷ ನನಗೆ ನವ್ಯ ಹುಟ್ಟಿದಾಗ ಆಗಿತ್ತು.

ಮಕ್ಕಳಿಗೆ ನನ್ನ ಮುತ್ತು, ರಾಧಾಮಣಿಗೆ ನೆನಪು, ನಿಮ್ಮ ಪಾದಗಳಿಗೆ ನಮಸ್ಕಾರ.

ನಿಮ್ಮ
ಶಶಿರೇಖ

ಮರೆತಿದ್ದೆ: ಗುಲಾಬಿ ಸೀರೆ ಪೆಟ್ಟಿಗೆಗೆ ಹೋಗುವುದಿಲ್ಲ ಅತ್ತೆಮ್ಮಾ, ನಾನು ಈ ಕೆಲಸ ಬಿಡುವುದಿಲ್ಲ. ಆದರೆ ನೀವಿಲ್ಲದೆ, ಮಕ್ಕಳಿಲ್ಲದೆ ನನ್ನ ಕೈಲಿ ಇನ್ನು ಆಗುವುದೂ ಇಲ್ಲ. ನಾಳೆಯಿಂದ ಓಡಾಟಕ್ಕೆ ತಡೆ ಇಲ್ಲವಂತೆ. ಸಿಟ್ಟಿದ್ದರೆ ಮಾತಾಡಬೇಡಿ, ಒಂದು ರಿಂಗ್ ಕೊಟ್ಟು ಇಟ್ಟುಬಿಡಿ ಸಾಕು. ಏಳು ವಾರದಿಂದ ಬಾರದ ನಿಮ್ಮ ಫೋನ್ ಬಂದರೆ ಯಾಕೆ ಅಂತ ನಾನು ಕೇಳುವುದಿಲ್ಲ, ಆಟೋ ಬೂದಿಕೋಟೆಗೆ ಹೊರಡುತ್ತದೆ.